ಇಂಚು ತಾತನ ಎಪ್ಪತ್ತರ ದಶಕ

ಬೆಳೆಯುವುದಕ್ಕೆ ಯಾವ ದಶಕ ಚೆನ್ನಾಗಿತ್ತು ಎಂದು ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ತಾವು ಬೆಳೆದದ್ದನ್ನೇ ಹೇಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದಾದರೆ ಬೆಳೆದವರಿಗೆ ತಂತಮ್ಮ ದಶಕ ಮುದ್ದು. ನನ್ನದು ಎಂಬತ್ತರ ದಶಕ. ಅದರ ಪರವಾಗಿ ಹದಿನೆಂಟು ವರ್ಷದಿಂದ ವಾದಿಸುತ್ತಿದ್ದೇನೆ, ಒಬ್ಬರೂ ಒಪ್ಪಿಲ್ಲ. ವಾದ ನಡೆಯುವುದು ನಾನಿರುವ ಕಟ್ಟಡದ ಕೆಳಗಿನ ಟೈಲರ್ ಅಂಗಡಿಯಲ್ಲಿ. ಎದುರಾಳಿ ಆ ಅಂಗಡಿಯ ಯಜಮಾನರೇ. ಬೀದಿಯ ಮಕ್ಕಳೆಲ್ಲ ಅವರನ್ನು ಇಂಚು ತಾತ ಎನ್ನುತ್ತವೆ.

ಇಂಚು ತಾತ ಹೊಲಿಯುವುದು ಶಾಲೆಯ ಯೂನಿಫಾರಂ. ನನ್ನ ಶರ್ಟು ಹೊಲಿದುಕೊಡುವುದು ಬರೀ ದಾಕ್ಷಿಣ್ಯಕ್ಕೆ. ತುಟಿಯ ಅಂಚಿನಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡೇ ಗಂಟೆಗಟ್ಟಲೆ ಮಾತಾಡಬಲ್ಲರು. ಕೊರಳಲ್ಲಿ ಹಳದಿ ಟೇಪು ಸದಾ ನೇತಾಡುತ್ತಿರುತ್ತದೆ, ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಹದಿಮೂರಕ್ಕೆ ಅಪ್ಪನ ಪಕ್ಕದಲ್ಲಿ ಕೂತು ಗುಂಡಿಯ ಕಾಜಾ ಹಾಕಲು ಕಲಿತವರಿಗೆ ಈಗ ಅರವತ್ತೈದು. ಅಪ್ಪನ ಕಾಲದಿಂದಲೂ ವರ್ಷಕ್ಕೊಂದು ಅಳತೆ ಪುಸ್ತಕ. ಎಲ್ಲವನ್ನೂ ಗೋಡೆಯ ಹಲಗೆಯ ಮೇಲೆ ಜೋಡಿಸಿಟ್ಟಿದ್ದಾರೆ. ಇವತ್ತು ಎದೆ ಸೆಟೆಸಿ ಓಡಾಡುವ ಎಷ್ಟೋ ಮಂದಿಯ ಎದೆ ಆರನೇ ಕ್ಲಾಸಿನಲ್ಲಿ ಎಷ್ಟಿತ್ತು ಎಂಬ ಗುಟ್ಟು ಅಲ್ಲಿದೆ. ನನ್ನ ಹೆಸರಿಗೂ ಒಂದು ಪುಟವಿದೆ. ಮೂವತ್ತೆರಡಿದ್ದ ಸೊಂಟ ನಲವತ್ತೊಂದಕ್ಕೆ ಬಂದ ಚರಿತ್ರೆ ಅದರಲ್ಲಿದೆ. ಜೀವನದಲ್ಲಿ ನಾನು ಒಂದೇ ಸಮನೆ ಮೇಲೇರಿದ್ದು ಅದೊಂದು ವಿಷಯದಲ್ಲೇ.

ಇಂಚು ತಾತನಿಗೆ ಒಂದು ನೇಮವಿತ್ತು. ಯಾವ ಮಗುವಿನ ಬಟ್ಟೆಯೇ ಆಗಲಿ, ಕೆಳಗಂಚಿನಲ್ಲಿ ಮೂರು ಇಂಚು ಬಟ್ಟೆ ಒಳಕ್ಕೆ ಮಡಿಸಿ ಹೊಲಿಯಬೇಕು. ಮಗು ಬೆಳೆದಂತೆ ಆರು ತಿಂಗಳಿಗೊಮ್ಮೆ ಒಂದೊಂದು ಮಡಿಕೆ ಬಿಚ್ಚಿಕೊಡುವರು.

“ಸಾರ್, ನಿಮ್ಮ ಎಂಬತ್ತರಲ್ಲಿ ಏನಿತ್ತು?” ಎಂದು ಮಡಿಕೆ ಬಿಚ್ಚುತ್ತಲೇ ಶುರು ಮಾಡುವರು. “ಟೀವಿ ಬಂತು, ಮಕ್ಕಳು ಒಳಗೆ ಕೂತ್ವು. ಎಪ್ಪತ್ತು ನೋಡಿ ಹೇಗಿತ್ತು! ಬೆಳಿಗ್ಗೆ ಮನೆ ಬಿಟ್ರೆ ದೀಪ ಹಚ್ಚೋ ಹೊತ್ತಿಗೆ ವಾಪಸ್ಸು. ಬಾಯಾರಿದ್ರೆ ಬೀದಿ ನಲ್ಲಿ. ಬಿದ್ರೆ ಮಣ್ಣು ಒರೆಸ್ಕೊಂಡು ಎದ್ವಿ. ನಮ್ಮನ್ನ ಯಾರೂ ನೋಡ್ತಾನೇ ಇರ್ಲಿಲ್ಲ ಸಾರ್. ಯಾರೂ!”

“ಈಗ್ಲೂ ಯಾರೂ ನೋಡಲ್ಲ ಬಿಡಿ, ಆ ಮುಖಾನ,” ಎನ್ನುತ್ತಿದ್ದೆ ನಾನು.

ಅಷ್ಟರಲ್ಲಿ ತಾತನ ಮೊಮ್ಮಗಳು ಬಂದು ಜಗಳ ಮುಗಿಸುತ್ತಿದ್ದಳು. ಒಂಬತ್ತು ವರ್ಷದವಳು. ಹೊಲಿಗೆ ಮಿಷನ್ನಿನ ನೂಲಿನ ಉರುಳೆಯಂತೆ ನಿಂತಲ್ಲಿ ನಿಲ್ಲದೆ ತಿರುಗುತ್ತಲೇ ಇರುತ್ತಾಳೆಂದು ತಾತನೇ ಅವಳಿಗೆ ಬಾಬಿನ್ ಎಂದು ಹೆಸರಿಟ್ಟಿದ್ದರು. “ಇಬ್ರೂ ಸುಮ್ನಿರಿ. ಚೆನ್ನಾಗಿರೋದು ಈಗಿಂದೇ. ಯಾಕಂದ್ರೆ ನಾನಿರೋದು ಈಗ,” ಎನ್ನುವಳು.

ಈ ವರ್ಷ ಶಾಲೆ ಶುರುವಾಗಲು ಹತ್ತು ದಿನವಿತ್ತು. ಮಧ್ಯಾಹ್ನ ಮೂರು ಗಂಟೆಗೆ ಬಾಬಿನ್ ಅಳತೆ ಕೊಡಲು ಬಂದಳು. ನಾನು ಬೆಂಚಿನ ಮೇಲಿದ್ದೆ. ತಾತ ಅವಳ ಸೊಂಟಕ್ಕೆ ಟೇಪು ಸುತ್ತಿ, ನೋಡಿ, ಬರೆಯಲು ಪೆನ್ಸಿಲ್ ತೆಗೆದವರು ಬರೆಯಲಿಲ್ಲ. ಮತ್ತೆ ಸುತ್ತಿದರು.

“ಹೊಟ್ಟೆ ಒಳಗೆ ಎಳ್ಕೋಬೇಡ ಕಣೆ.”

“ಎಳ್ಕೊಂಡಿಲ್ಲ ತಾತ.”

ಮೂರನೇ ಸಲ ಸುತ್ತಿದರು. ಕಳೆದ ವರ್ಷ ಇಪ್ಪತ್ತೆರಡು ಇದ್ದದ್ದು ಈಗ ಇಪ್ಪತ್ತೂವರೆ. ಹುಡುಗಿ ಅಲ್ಲಾಡದೆ ನಿಂತಿದ್ದಳು. ಬಾಬಿನ್ ಅಲ್ಲಾಡದೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದು ಈಗ ಹೊಳೆಯುತ್ತದೆ. ಆಗ ನಾನು ಮಾಡಿದ್ದು ಒಂದು ತಮಾಷೆ: “ಮಗಳೇ, ಆ ಒಂದೂವರೆ ಇಂಚು ನನಗೆ ಬಂದಿದೆ ನೋಡು!”

ಅವಳು ನಕ್ಕಳು. ಮೂಲೆಯಲ್ಲಿದ್ದ ನೀರಿನ ಹೂಜಿ ಎತ್ತಿ ನಿಂತಲ್ಲೇ ಗಟಗಟ ಕುಡಿದಳು. ಖಾಲಿ ಹೂಜಿ ಕೆಳಗಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಮೂರನೇ ಮಹಡಿಯ ಮನೆಗೆ ಹೋದಳು. ತಾತ ಹೂಜಿಯನ್ನೇ ನೋಡುತ್ತಿದ್ದರು. ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಕೆಲಸದ ಹೊತ್ತಿನಲ್ಲಿ ಅವರ ಬಾಯಿ ಖಾಲಿಯಾದದ್ದು ಅದೇ ಮೊದಲು.

“ಸಾರ್, ಟೇಪು ಜಗ್ಗಿರಬೇಕು ಅಲ್ವಾ?” ಎಂದರು. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದೆಳೆದು ಹಿಗ್ಗುತ್ತದೆ, ಆಗ ಅಳತೆ ಕಡಿಮೆ ಬೀಳುತ್ತದೆ. ಇದು ನನಗೂ ಗೊತ್ತು.

“ಜಗ್ಗಿರುತ್ತೆ. ಆ ಮರದ ಸ್ಕೇಲಿನ ಮೇಲಿಟ್ಟು ನೋಡಿ.”

“ಅದರ ತುದೀನ ಕತ್ತರಿ ತಿಂದು ಎಷ್ಟು ಕಾಲ ಆಯ್ತೋ! ಅದನ್ನ ನಂಬೋ ಬದಲು ನಿಮ್ಮನ್ನ ನಂಬಬಹುದು.” ಹಾಗೆಂದವರು ನನ್ನನ್ನೇ ದಿಟ್ಟಿಸಿದರು. “ಹೌದಲ್ಲ! ಏಳಿ. ಕೈ ಚಾಚಿ.”

ನನ್ನ ಪುಟ ತೆಗೆದರು. ಸೊಂಟದ ಅಂಕಿ ವರ್ಷಕ್ಕೊಂದು ಥರ. ತೋಳು ಮಾತ್ರ ಹದಿನೆಂಟು ವರ್ಷದಿಂದ ಇಪ್ಪತ್ತನಾಲ್ಕೇ ಇಂಚು. ಟೇಪು ಹಿಗ್ಗಿದ್ದರೆ ಈಗ ಇಪ್ಪತ್ತಮೂರೋ ಇಪ್ಪತ್ತೆರಡೂವರೆಯೋ ಬರಬೇಕು. ನಾನು ಕೈ ಚಾಚಿ ನಿಂತೆ. ಭುಜದಿಂದ ಮಣಿಕಟ್ಟಿನವರೆಗೆ ಅವರ ಬೆರಳು ತಣ್ಣಗೆ ಜಾರಿತು. ದೇವರೇ, ಒಂದಿಂಚಾದರೂ ಕಡಿಮೆಯಾಗಲಿ ಎಂದು ನನ್ನ ತೋಳಿಗಾಗಿ ಬೇಡಿಕೊಂಡೆ. ಸೊಂಟಕ್ಕಾಗಿ ಎಷ್ಟೋ ಸಲ ಬೇಡಿಕೊಂಡಿದ್ದ ಬೇಡಿಕೆಯೇ ಇದು. ಆಗಲೂ ಫಲಿಸಿರಲಿಲ್ಲ.

“ಇಪ್ಪತ್ತನಾಲ್ಕು,” ಎಂದರು ತಾತ, ಕುರ್ಚಿಯಲ್ಲಿ ಕುಸಿಯುತ್ತ.

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ಸುಮ್ಮನಿರುವ ಅಭ್ಯಾಸ ನನಗಿಲ್ಲ. “ಒಂದು ಹೊಸ ಟೇಪು ತಂದುಬಿಡ್ಲಾ? ಇಲ್ಲೇ ಮೂಲೆ ಅಂಗಡೀಲಿ...”

“ಬೇಡ!” ಎಂದು ಅವರು ಕೂಗಿದ ರಭಸಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. “ಹೊಸ ಟೇಪು ಬೇಡ ಸಾರ್. ನಮ್ಮಪ್ಪಾನೂ ತಂದಿದ್ರು, ಹೊಸದು.”

ಹಲಗೆಯ ತುದಿಯಿಂದ ಒಂದು ಪುಸ್ತಕ ಎಳೆದರು. ಎಪ್ಪತ್ತರ ದಶಕದ ನಡುವಿನದು, ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಅದರಲ್ಲಿ ಒಂದು ಪುಟದ ಮೇಲೆ ‘ಮೀನು’ ಎಂದಿತ್ತು.

“ನನ್ನ ತಂಗಿ. ಎಂಟು ವರ್ಷ. ಯಾವಾಗ ನೋಡಿದ್ರೂ ಬೀದಿ ನಲ್ಲಿಗೆ ಬಾಯಿಟ್ಟಿರೋಳು, ಅದಕ್ಕೆ ಮೀನು ಅಂತ ಕರೀತಿದ್ವಿ. ಹೆಸರಿಟ್ಟೋನು ನಾನೇ. ಯೂನಿಫಾರಮ್ಮಿಗೆ ಅಳೆದಾಗ ಸೊಂಟ ಎರಡು ಇಂಚು ಕಮ್ಮಿ. ಅಪ್ಪನಿಗೆ ಹೇಳ್ದೆ. ಟೇಪು ಜಗ್ಗಿದೆ ಕಣೋ, ಹೊಸದು ತರ್ತೀನಿ ಅಂದ್ರು. ತಂದ್ರು. ಅದರಲ್ಲೂ ಎರಡು ಇಂಚು ಕಮ್ಮೀನೇ ಬಂತು. ನಾನು ಹೇಳ್ಲಿಲ್ಲ. ಬೈತಾರೆ ಅಂತ ಹೆದರಿಕೆ, ಹಳೇ ಅಂಕೀನೇ ಬರೆದೆ.” ಪುಟದ ಆ ಅಂಕಿಯ ಮೇಲೆ ಬೆರಳಿಟ್ಟರು. “ಹೊಲಿದ ಲಂಗ ಅವಳ ಸೊಂಟದಲ್ಲಿ ನಿಲ್ಲಲೇ ಇಲ್ಲ. ಹದಿನೇಳು ದಿನ ಇದ್ಲು, ಅಷ್ಟೆ. ಸಕ್ಕರೆ ಕಾಯಿಲೆ ಅಂತ ಆಮೇಲೆ ಯಾರೋ ಡಾಕ್ಟ್ರು ಹೇಳಿದ್ರು. ಅದು ಮಕ್ಕಳಿಗೂ ಬರುತ್ತೆ ಅಂತ ನಮಗೇನು ಗೊತ್ತು?”

ನಾನು ಆ ಪುಸ್ತಕ ಮುಚ್ಚಿ ಅವರ ಕೈಗಿಟ್ಟೆ.

“ಮೇಲೆ ಹೋಗಿ ಸೊಸೆಗೆ ಹೇಳಿ,” ಎಂದೆ.

“ಏನಂತ? ಹೋದ ತಿಂಗಳು ಒಂದೇ ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದೆ. ಕಣ್ಣು ಸರಿ ಇಲ್ಲ, ಅಂಗಡಿ ಮುಚ್ಚಿ ಅಂತ ಮಗ ಸೊಸೆ ಇಬ್ರೂ ಕಾಯ್ತಾ ಇದಾರೆ. ನಾನು ಹೇಳಿದ್ದು ಸುಳ್ಳಾದ್ರೆ ನಾಳೆಯಿಂದ ಬಾಗಿಲು ಬಂದ್.” ಪುಸ್ತಕವನ್ನು ಕಂಕುಳಿಗೆ ಸೇರಿಸಿ, “ಸುಳ್ಳಾಗ್ಲಿ ಸಾರ್. ಬಾಗಿಲು ಹಾಳಾಗಿ ಹೋಗ್ಲಿ,” ಎಂದರು.

ಮೆಟ್ಟಿಲು ಹತ್ತಿದೆವು. ಎರಡನೇ ಮಹಡಿಯಲ್ಲಿ ನನ್ನ ಮನೆಯ ಬಾಗಿಲು ಬಂತು. ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕೆಂದು ಎಷ್ಟು ಅನ್ನಿಸಿತೆಂದರೆ, ಕಿಸೆಯಲ್ಲಿ ಕೈ ಬೀಗದ ಕೀಲಿ ಹಿಡಿದಾಗಿತ್ತು. ತಾತ ಹಿಂದೆ ತಿರುಗಿ ನೋಡಿದರು. ಕೀಲಿ ಬಿಟ್ಟು ಹತ್ತಿದೆ.

ತಾತನ ಮಗ ದೂರದೂರಿನ ಬಸ್ಸು ಓಡಿಸುವವನು, ಬರುವುದು ಮರುದಿನ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಸೊಸೆ ಅಂದು ರಜೆ ಹಾಕಿ ಬಟ್ಟೆ ಒಗೆಯುತ್ತಿದ್ದಳು. ಕೈಯ ನೊರೆ ಒರೆಸಿಕೊಳ್ಳುತ್ತ ಬಂದಳು. ತಾತ ಒಂದೇ ಉಸಿರಿಗೆ ಹೇಳಿದರು.

“ಮಾವ, ಬೇಸಿಗೆ. ಮಗು ನೀರು ಕುಡಿದ್ರೆ ತಪ್ಪಾ? ಓಡಾಡೋ ಮಕ್ಕಳು ಒಂಚೂರು ಇಳಿಯೋದೂ ಉಂಟು. ನಿಮ್ಮ ಟೇಪು ಹಳೇದಾಗಿರುತ್ತೆ.”

“ಟೇಪು ಸರಿ ಇದೆಯಮ್ಮ. ಇವರ ತೋಳು ಇಪ್ಪತ್ತನಾಲ್ಕು!”

ಅವಳು ನನ್ನ ತೋಳನ್ನೂ ನನ್ನನ್ನೂ ನೋಡಿದಳು. ಇಬ್ಬರಿಗೂ ಒಟ್ಟಿಗೇ ಅರಳುಮರಳು ಎಂದುಕೊಂಡದ್ದು ಸ್ಪಷ್ಟವಾಗಿ ಕಾಣಿಸಿತು. ನಾನು ತೋಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ತಾತ ಕಂಕುಳಲ್ಲಿದ್ದ ಹಳೆಯ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟರು. “ಇಲ್ಲಿ ಇಪ್ಪತ್ತೊಂದು ಅಂತಿದೆಯಲ್ಲ, ಅದು ಸುಳ್ಳು. ನಾನೇ ಬರೆದ ಸುಳ್ಳು. ಇವತ್ತು ಇನ್ನೊಂದು ಬರೆಯಕ್ಕೆ ನನ್ನ ಕೈಲಾಗಲ್ಲ ತಾಯಿ.”

ಅವಳಿಗೆ ಪೂರ್ತಿ ಅರ್ಥವಾಗಿರಲಾರದು. ಮಾವನ ದನಿ ಹಾಗೆ ಒಡೆದದ್ದನ್ನು ಮಾತ್ರ ಅವಳು ಹಿಂದೆಂದೂ ಕೇಳಿರಲಿಲ್ಲ. “ಬಾಬಿನ್,” ಎಂದು ಕರೆದಳು. ಉತ್ತರವಿಲ್ಲ. ಒಳಕೋಣೆಯಲ್ಲಿ ಹುಡುಗಿ ಚಪ್ಪಲಿ ಸಮೇತ ನೆಲದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಖಾಲಿ ಲೋಟ. ಬೀದಿಯಿಂದ ಅವಳ ಗೆಳತಿಯರ ಕೂಗು ಕಿಟಕಿಯೊಳಗೆ ಬರುತ್ತಿತ್ತು. ತಾಯಿ ಅಲ್ಲಾಡಿಸಿದರೆ ಕಣ್ಣು ತೆರೆದು “ಸುಸ್ತು ಅಮ್ಮ” ಎಂದು ಮತ್ತೆ ಮುಚ್ಚಿದಳು. ಉಸಿರು ಓಡಿ ಬಂದವರ ಹಾಗೆ ಏರಿಳಿಯುತ್ತಿತ್ತು.

ಒಗೆಯುವ ಬಕೆಟ್ಟಿನ ನಲ್ಲಿಯನ್ನು ನಿಲ್ಲಿಸಿದವರು ಯಾರೂ ಇಲ್ಲ. ನಾವು ಹೊರಟಾಗ ನೀರು ಬಾಗಿಲು ದಾಟಿ ಮೆಟ್ಟಿಲಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅವಳ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಅಂಗೈಯಗಲದ ಯಂತ್ರಕ್ಕೆ ಹಾಕಿದರು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಕೆಟ್ಟಿದೆಯೇ ಎಂದು ನಾನು ಆಸೆಯಿಂದ ಕೇಳಿದೆ. “ಕೆಟ್ಟಿಲ್ಲ, ಇವಳ ಸಕ್ಕರೆ ಇದರ ಅಳತೆಗಿಂತ ಮೇಲಿದೆ,” ಎಂದು ನರ್ಸು ಹೇಳಿ, ಮಂಚವನ್ನು ಓಡಿಸಿಕೊಂಡೇ ಒಳಗೆ ಹೋದಳು. ತಾಯಿಯೂ ಓಡಿದಳು. ಬಾಗಿಲು ಮುಚ್ಚಿತು.

ಹೊರಗೆ ಉಕ್ಕಿನ ಕುರ್ಚಿಗಳ ಸಾಲು. ತಾತ ಕೊರಳ ಟೇಪಿನ ಎರಡು ತುದಿಯನ್ನೂ ಮುಷ್ಟಿಯಲ್ಲಿ ಹಿಡಿದು ಕೂತರು. ಬಾಗಿಲಿನ ಗಾಜಿನಲ್ಲಿ ನೆರಳುಗಳು ಸರಿದಾಡುತ್ತಿದ್ದವು. ನೆರಳೊಂದು ಬೇಗ ಸರಿದರೆ ನಮ್ಮ ಜೀವ ಬಾಯಿಗೆ ಬರುತ್ತಿತ್ತು, ನಿಂತರೆ ಇನ್ನೂ ಹೆಚ್ಚು. ಸುಮ್ಮನೆ ಕೂರಲಾರದೆ ನನ್ನ ಬಾಯಿ ತನ್ನ ಪಾಡಿಗೆ ತಾನು, “ನಮ್ಮ ಎಂಬತ್ತರಲ್ಲಿ...” ಎಂದು ಶುರು ಮಾಡಿಬಿಟ್ಟಿತು. ನಾಲಗೆ ಕಚ್ಚಿಕೊಂಡೆ.

“ನಿಲ್ಲಿಸ್ಬೇಡಿ ಸಾರ್,” ಎಂದರು ತಾತ, ಬಾಗಿಲಿನಿಂದ ಕಣ್ಣು ಕೀಳದೆ. “ಏನಾದ್ರೂ ಹೇಳ್ತಾ ಇರಿ.”

ಹೇಳಿದೆ. ಸೈಕಲ್ ಬಾಡಿಗೆಗೆ ತಂದು ಒಂದು ಗಂಟೆಯಲ್ಲಿ ಐದು ಜನ ಕಲಿತದ್ದು, ಟೀವಿಯ ಆಂಟೆನಾ ತಿರುಗಿಸಲು ಮಾಡು ಹತ್ತಿ ಬಿದ್ದದ್ದು, ಬಿದ್ದವನನ್ನು ಬಿಟ್ಟು ಎಲ್ಲರೂ ಚಿತ್ರ ಸರಿಯಾಯಿತೇ ಎಂದು ನೋಡಲು ಒಳಗೆ ಓಡಿದ್ದು. ಹದಿನೆಂಟು ವರ್ಷದ ವಾದದಲ್ಲಿ ಎಂಬತ್ತರ ಪರವಾಗಿ ಅಷ್ಟು ಹೊತ್ತು ಯಾರೂ ನನಗೆ ಅಡ್ಡ ಬಾರದೆ ಮಾತಾಡಲು ಬಿಟ್ಟಿರಲಿಲ್ಲ. ಒಂದು ಅಡ್ಡಮಾತಿಗಾಗಿ ನಾನು ಹಪಹಪಿಸಿದೆ. ಬರಲಿಲ್ಲ. ಎಂಬತ್ತರ ಹತ್ತೂ ವರ್ಷ ಖರ್ಚಾಗಿ, ಗತ್ಯಂತರವಿಲ್ಲದೆ ತೊಂಬತ್ತಕ್ಕೆ ಕಾಲಿಟ್ಟಾಗ ಬಾಗಿಲು ತೆರೆಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. “ತಾತ ಅಂದ್ರೆ ಯಾರು?” ಎಂದಳು. ಇಬ್ಬರೂ ಎದ್ದುನಿಂತೆವು. “ಔಷಧಿ ನಾಟ್ತಾ ಇದೆ. ಇನ್ನೂ ಎರಡು ದಿನ ಇಲ್ಲೇ ಕಣ್ಣಿಟ್ಟು ನೋಡ್ಕೋಬೇಕು. ಮುಂದೆ ದಿನಾ ಇಂಜೆಕ್ಷನ್ ತಗೋಬೇಕು, ಯಾವತ್ತೂ ತಪ್ಪಿಸೋ ಹಾಗಿಲ್ಲ. ಇವತ್ತು ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ನಾಳೆ ಅಂದಿದ್ರೆ...” ಎಂದವಳು ಮಾತು ಮುಗಿಸದೆ ಕೈಯಲ್ಲಿದ್ದ ಕಾಗದ ಮಡಿಸಿದಳು.

ತಾತ ತಲೆಯಾಡಿಸಿದರು. ಆಮೇಲೆ ಕೂರಲು ಹೋಗಿ ಕುರ್ಚಿ ತಪ್ಪಿ ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಅವರ ಮರ್ಯಾದೆ ಉಳಿಸಲೆಂದು ಹೇಳಬಹುದು, ನಿಜವೆಂದರೆ ಆ ಹೊತ್ತಿಗೆ ಕುರ್ಚಿ ನನಗೂ ಕಾಣಿಸಲಿಲ್ಲ.

ಇದಾಗಿ ನಾಲ್ಕು ತಿಂಗಳು. ಬಾಬಿನ್ ಈಗ ತನ್ನ ಬೆರಳು ತಾನೇ ಚುಚ್ಚಿಕೊಳ್ಳುತ್ತಾಳೆ, ನಾನು ಮುಖ ತಿರುಗಿಸಿಕೊಂಡರೆ ಅಣಕಿಸುತ್ತಾಳೆ. ಒಂದು ಸಂಜೆ ಅಂಗಡಿಯ ಬೆಂಚಿನಲ್ಲಿ ಕೂತು, “ತಾತ, ನಿಮ್ಮ ಎಪ್ಪತ್ತರಲ್ಲಿ ಈ ಇಂಜೆಕ್ಷನ್ ಇತ್ತಾ?” ಎಂದಳು.

“ಇತ್ತಂತೆ ಕಣೆ. ನಮಗೆ ಗೊತ್ತಿರ್ಲಿಲ್ಲ.”

“ಮತ್ತೆ ಅದು ಎಂಥಾ ಒಳ್ಳೇ ಕಾಲ?”

ಅವರು ಇನ್ನೊಂದು ಪಿನ್ನು ಕಚ್ಚಿಕೊಂಡು ಮಡಿಕೆ ಹೊಲಿಯತೊಡಗಿದರು. ಎಪ್ಪತ್ತರ ಪರವಾಗಿ ವಾದಿಸುವವರಿಲ್ಲದೆ ಅಂಗಡಿಯಲ್ಲಿ ನನ್ನ ಎಂಬತ್ತಕ್ಕೂ ಬೆಲೆಯಿಲ್ಲದಂತಾಗಿದೆ.

ತಿಂಗಳ ಮೊದಲ ದಿನ ಅಳತೆ. ಮಗ, ಸೊಸೆ ಇಬ್ಬರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅಂಗಡಿ ಮುಚ್ಚುವ ಮಾತು ಯಾರೂ ಎತ್ತುವುದಿಲ್ಲ. ಟೇಪಿನ ಪರೀಕ್ಷೆಗೆ ಮೊದಲು ನನ್ನ ಸರದಿ. ನಾನು ಕೈ ಚಾಚುತ್ತೇನೆ, ಇಪ್ಪತ್ತನಾಲ್ಕು ಎಂದು ಕೂಗಿದ ಮೇಲೆ ಬಾಬಿನ್ ಮುಂದೆ ಬರುತ್ತಾಳೆ. ಈ ತಿಂಗಳು ತಾತ ಅವಳ ಸೊಂಟಕ್ಕೆ ಟೇಪು ಸುತ್ತಿದರು. ಅವರು ಬಗ್ಗಿ, ಕನ್ನಡಕ ಸರಿಮಾಡಿ, ಬಹಳ ಹೊತ್ತು ನೋಡಿದರು.

“ಇಪ್ಪತ್ತೆರಡೂಕಾಲು.”

ಹೋದ ವರ್ಷದ ಅಳತೆಗಿಂತ ಕಾಲಿಂಚು ಹೆಚ್ಚು. ಸೊಸೆ ಮುಖ ಮುಚ್ಚಿಕೊಂಡಳು. ತಾತ ಪೆನ್ಸಿಲ್ ಎತ್ತಿದರು, ಬರೆಯಲಿಲ್ಲ. ನನ್ನ ಕಡೆ ತಿರುಗಿದರು.

“ಸಾರ್, ಇನ್ನೊಂದ್ಸಲ ಕೈ ಚಾಚಿ.”