ಕಿಟಕಿ ಮುಚ್ಚಿದ ಭಾನುವಾರ

ಕಳೆದ ಕಾರ್ತಿಕದ ಮೊದಲ ಭಾನುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಚಿಕ್ಕಜಾಜೂರು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿರುವ ಗಿರಿಜಮ್ಮನ ಮನೆಗೆ ಮಗ ತಿಪ್ಪೇಶನ ಫೋನು ಬಂತು. ಆರು ನಿಮಿಷಕ್ಕೆ ಲೈನು ಕಡಿಯಿತು. ಆ ಆರು ನಿಮಿಷ ಯಾರು ಏನು ಮಾತಾಡಬೇಕೆಂದು ಬರೆದುಕೊಟ್ಟವನು ಪಕ್ಕದ ಮನೆಯ ನಾನು.

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಅರ್ಧ ಆಯಸ್ಸು ಬೇರೆಯವರ ವಾಕ್ಯಗಳನ್ನು ಕತ್ತರಿಸಿದವನ ಕೈ ಸುಮ್ಮನಿರುವುದಿಲ್ಲ. ಲಗ್ನಪತ್ರಿಕೆ ಓದುವಾಗಲೂ ಅದು ಜೇಬಿನ ಕೆಂಪು ಪೆನ್ನನ್ನು ಹುಡುಕುತ್ತದೆ. ನನ್ನ ಹೆಂಡತಿ ನನಗೆ ಸುದ್ದಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗೇನಿದ್ದರೂ ತಲೆಬರಹ ಮಾತ್ರ.

ತಿಪ್ಪೇಶ ಸೈನಿಕ. ಹಿಮದ ಬೆಟ್ಟದಲ್ಲಿದ್ದಾನೆ. ಯಾವ ಬೆಟ್ಟವೆಂದು ಅವನು ಹೇಳುವಂತಿಲ್ಲ, ನಾವು ಕೇಳುವುದಿಲ್ಲ. ಭಾನುವಾರ ಅಲ್ಲಿ ಒಂದು ಫೋನಿಗೆ ಹತ್ತಾರು ಜನ ಸಾಲು ನಿಲ್ಲುತ್ತಾರೆ. ಇಲ್ಲಿ ಅವರವ್ವ, "ಉಂಡ್ಯೇನಪ್ಪಾ? ಚಳಿ ಐತಾ? ಸ್ವೆಟರ್ ಹಾಕ್ಕಂಡೀಯಾ?" ಎಂದು ಶುರು ಮಾಡಿ, ಮತ್ತೆ "ಉಂಡ್ಯಾ?" ಎಂಬಲ್ಲಿಗೇ ಬಂದು ನಿಲ್ಲುವಷ್ಟರಲ್ಲಿ ಲೈನು ಹೋಗಿರುತ್ತದೆ. ಹೆಂಡತಿ ಶಿಲ್ಪಳ ಕೈಗೆ ಸಿಗುವುದು ಬಿಸಿಯಾದ ಮೊಬೈಲು ಮಾತ್ರ. ಎರಡು ಭಾನುವಾರ ಹೀಗೇ ಆಯಿತು. ಇನ್ನುಳಿದದ್ದು ಒಂದೇ ಭಾನುವಾರ. ಆಮೇಲೆ ಅವನನ್ನು ಫೋನೇ ಇಲ್ಲದ ಮೇಲಿನ ಪೋಸ್ಟಿಗೆ ಕಳಿಸುವವರಿದ್ದರು, ಮೂರ್ನಾಲ್ಕು ತಿಂಗಳ ಮಟ್ಟಿಗೆ. ಶಿಲ್ಪಳಿಗೋ ತನ್ನ ಬಾಯಿಂದಲೇ ಹೇಳಬೇಕಾದ ಸುದ್ದಿಯಿತ್ತು. ತಿಪ್ಪೇಶ ರಜೆ ಮುಗಿಸಿ ಹೋದ ಮೇಲೆ ತಿಳಿದದ್ದು: ಅವಳಿಗಾಗ ಮೂರು ತಿಂಗಳು.

"ಮಾತು ಸಣ್ಣ ಮಾಡೋದೇ ನಿಮ್ಮ ಕಸುಬಲ್ವೇನಣ್ಣಾ, ನಮ್ಮದೂ ಒಂದೀಟು ಮಾಡಿಕೊಡ್ರಿ" ಎಂದರು ಗಿರಿಜಮ್ಮ.

ಮಾಡಿಕೊಟ್ಟೆ. ಮುಖ್ಯ ಸುದ್ದಿ ಮೊದಲ ಸಾಲಿಗೆ. ಊಟ, ಚಳಿ, ಸ್ವೆಟರು ಪೂರಾ ವಜಾ. ಮೊದಲು ಸೊಸೆ, ಕೊನೆಗೆ ಅತ್ತೆ. ರೈಲಿನ ಗದ್ದಲ ಬೇಡವೆಂದು ಎರಡೂ ಕಿಟಕಿ ಮುಚ್ಚಿಸಿದೆ. ಗಡಿಯಾರ ನೋಡುತ್ತ ಕುರ್ಚಿಯಲ್ಲಿ ಕೂತೆ.

ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಂಡೆಗೆ ಕೆತ್ತಿದ ಮೌರ್ಯರ ಕಾಲದ ರಾಜಾಜ್ಞೆಯೊಂದಿದೆ. ಅದು ಕೂಡ ಇಲ್ಲಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿಕೊಂಡೇ ಆಜ್ಞೆಗೆ ಇಳಿಯುತ್ತದೆ. ಉಳಿ ಹಿಡಿದವನಿಗೆ ಒಂದೊಂದು ಅಕ್ಷರಕ್ಕೂ ಬೆವರು. ಆದರೂ ಕ್ಷೇಮ ಕೇಳುವ ಸಾಲನ್ನು ಅಲ್ಲಿ ಯಾರೂ ಕತ್ತರಿಸಿರಲಿಲ್ಲ. ಇದು ನನಗೆ ನೆನಪಾದದ್ದು ಆಮೇಲೆ.

ಫೋನು ಬಂತು. ಸ್ಪೀಕರ್ ಹಾಕಿದರು. ಶಿಲ್ಪ ಚೀಟಿ ಹಿಡಿದು ಓದಿದಳು: "ನಾನು ಗರ್ಭಿಣಿ. ಮೂರು ತಿಂಗಳು. ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದಾರೆ."

ಆ ಕಡೆಯಿಂದ ತಿಪ್ಪೇಶನ ದನಿ ಬಂತು. ಅದರಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು.

"ಶಿಲ್ಪಾ, ಯಾಕಂಗೆ ವಾರ್ತೆ ಓದ್ದಂಗೆ ಮಾತಾಡ್ತೀಯ? ಅವ್ವ ಎಲ್ಲಿ? ಉಂಡ್ಯಾ ಅಂತ ಕೇಳ್ಲೇ ಇಲ್ಲ. ರೈಲಿನ ಸದ್ದೂ ಇಲ್ಲ. ಆಸ್ಪತ್ರೇಲಿ ಇದೀರೇನು? ಅವ್ವಂಗೇನಾತು? ನಿಜ ಹೇಳು."

"ಏನೂ ಆಗಿಲ್ಲ ಕಣ್ರಿ, ಮನೇಲೇ ಇದೀವಿ" ಎಂದಳು ಶಿಲ್ಪ. ತಮ್ಮ ಸರದಿ ಕೊನೆಗೆಂದು ಗಿರಿಜಮ್ಮ ನನ್ನ ಮುಖ ನೋಡುತ್ತಿದ್ದರು. ಅವನು ನಂಬಲಿಲ್ಲ. ಮೂರು ನಿಮಿಷ ಅದರಲ್ಲೇ ಹೋಯಿತು. ಹೀಗೆ ಅನುಮಾನ ಹೊತ್ತುಕೊಂಡೇ ಅವನು ಬೆಟ್ಟ ಹತ್ತಬೇಕಾಗುತ್ತದಲ್ಲ ಎನಿಸಿತು. ಎದ್ದು ಹೋಗಿ ಕಿಟಕಿ ತೆರೆದೆ. ಗಿರಿಜಮ್ಮ ಸೊಸೆಯ ಕೈಯಿಂದ ಮೊಬೈಲು ಕಿತ್ತುಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಉಂಡ್ಯೇನೋ ನನ್ನಪ್ಪಾ! ಸ್ವೆಟರ್ ಹಾಕ್ಕಂಡೀಯಾ?"

ಅದೇ ಹೊತ್ತಿಗೆ ದುರ್ಗದ ಕಡೆಯ ಪ್ಯಾಸೆಂಜರು ಸೀಟಿ ಹೊಡೆಯುತ್ತ ಬಂತು. ಫೋನಿನಲ್ಲಿ ನಗು ಕೇಳಿಸಿತು.

"ಇವತ್ತೂ ಲೇಟಾ ಆ ಗಾಡಿ? ಉಂಡೆ ಕಣವ್ವಾ, ಉಂಡೆ. ಲೇ ಶಿಲ್ಪಾ, ಏನಂದೆ ಆವಾಗ? ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಈ ಸಲ ಚೀಟಿ ನೋಡಲಿಲ್ಲ. ಅವಳು ಏನು ಹೇಳಿದಳೆಂದು ರೈಲಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿತಂತೆ. ಅಷ್ಟರಲ್ಲಿ ಲೈನು ಕಡಿಯಿತು.

ಇದನ್ನು ಬರೆಯುವ ಹೊತ್ತಿಗೆ ಸಿಕ್ಕಿರುವ ಕಡೆಯ ಮಾಹಿತಿ ಇಷ್ಟು. ಶಿವರಾತ್ರಿ ಕಳೆದ ಮೇಲಿನ ಮೊದಲ ಭಾನುವಾರ ತಿಪ್ಪೇಶನ ಫೋನು ಬಂತು. ಗಿರಿಜಮ್ಮ ಊಟದ ವಿಷಯ ಮೂರು ಸಲ ಕೇಳಿದರು. ಕಿಟಕಿ ತೆರೆದಿತ್ತು. ಪ್ಯಾಸೆಂಜರು ಇಪ್ಪತ್ತು ನಿಮಿಷ ತಡವಾಗಿತ್ತು. ಅದು ಬರುವವರೆಗೂ ಲೈನು ಕಡಿಯಲಿಲ್ಲ.