ಬೀಗರಿಗೆ ಕಳಿಸದ ಸ್ಯಾಂಪಲ್

ನಮ್ಮಪ್ಪ ಮೂಡಿಗೆರೆಯಲ್ಲಿ ಕಾಫಿ ವ್ಯಾಪಾರಿ. ಆಗ ಬ್ರಿಟಿಷರ ಕಾಲ. ದೊಡ್ಡ ಎಸ್ಟೇಟುಗಳ ಕಾಫಿಯನ್ನು ಕಂಪನಿಗಳು ಲಂಡನ್ನಿಗೆ ಮುಟ್ಟಿಸುತ್ತಿದ್ದವು. ನಮ್ಮಂಥ ಬ್ಯಾರಿ ಸಾಬರಿಗೆ ನೆಂಟರೇ ಕಂಪನಿ. ಅಕ್ಕನನ್ನು ಮಂಗಳೂರಿಗೆ ಕೊಟ್ಟಿದ್ದೆವು. ಅವಳ ಮಾವನಿಗೆ ಬಂದರಿನಲ್ಲಿ ಮಂಡಿ, ಮಾವನ ತಮ್ಮನಿಗೆ ಇರಾಕಿನ ಬಸ್ರಾದಲ್ಲಿ ಅಂಗಡಿ. ಅಪ್ಪ ಚಾರ್ಮಾಡಿ ಘಾಟಿ ಇಳಿಸಿದ ಕಾಫಿ ಈ ನೆಂಟರ ಕೈಯಿಂದ ಕೈಗೆ ಹೋಗಿ ಸಮುದ್ರ ದಾಟುತ್ತಿತ್ತು. ಬಸ್ರಾವನ್ನು ನಮ್ಮ ಮನೆಯಲ್ಲಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ.

ಕಳಿಸುತ್ತಿದ್ದದ್ದು ಚೆರ್ರಿ, ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ಸಿಪ್ಪೆ ತೆಗೆದ ಬೀಜ. ಒಂದು ವರ್ಷ ಅಪ್ಪನಿಗೆ ಒಳ್ಳೆಯ ಪಾರ್ಚ್‌ಮೆಂಟ್ ಸಿಕ್ಕಿತು. ಅದು ತೊಳೆದು ಒಣಗಿಸಿದ ಕಾಫಿ, ಬೆಲೆಯೂ ಜಾಸ್ತಿ, ಮರ್ಯಾದೆಯೂ ಜಾಸ್ತಿ. ಬೀಗರ ಹೆಸರು ಮೆರೆಯಲಿ ಎಂದು ಹೊಟ್ಟು ತೆಗೆಸಿ ಅದನ್ನೇ ತುಂಬಿಸಿದರು. ಕಾಫಿ ಮಾರಿದ ಬಾಳೂರಿನ ಗೌಡರು, "ಮೊದ್ಲು ಒಂದ್ಹಿಡಿ ಸ್ಯಾಂಪಲ್ ಕಳ್ಸಿ ನೋಡಿ ಸಾವ್ಕಾರ್ರೆ" ಅಂದರು.

"ಬೀಗ್ರಿಗೆ ಸ್ಯಾಂಪಲ್ ಕಳ್ಸೋದಾ ಮಾರಾಯ್ರೆ? ಮಗಳ್ನೇ ಕೊಟ್ಟಿದೀನಿ!" ಎಂದು ಅಪ್ಪ ನಕ್ಕರು.

ಸ್ಯಾಂಪಲ್ ಏನಿದ್ದರೂ ಹೊರಗಿನವರಿಗೆ. ನೆಂಟರಿಗೆ ಕಳಿಸಿದರೆ ನಂಬಿಕೆ ಇಲ್ಲ ಎಂದ ಹಾಗೆ. ಮಂಗಳೂರಿನ ಬೀಗರೂ ಅದೇ ಮರ್ಯಾದೆಗೆ ಬಿದ್ದು ಒಂದು ಚೀಲವನ್ನೂ ಬಿಚ್ಚಿಸದೆ ಹಾಯಿಹಡಗು ಹತ್ತಿಸಿದರು. ಬಸ್ರಾದಲ್ಲಿ ಗಿರಾಕಿಗಳು ಮೂಗು ಮುರಿದರಂತೆ. ಅವರ ನಾಲಿಗೆಗೆ ಹತ್ತಿದ್ದು ನಮ್ಮ ಚೆರ್ರಿಯ ರುಚಿ. ಇದು ಹುಳಿ, ಮಾಲು ಬದಲಾಯಿಸಿ ಮೋಸ ಮಾಡಿದ್ದೀರಿ ಎಂದು ಬೇರೆ ಅಂಗಡಿಗೆ ಹೋದರಂತೆ. ಬಸ್ರಾದ ತಮ್ಮ ಮಂಗಳೂರಿನ ಅಣ್ಣನನ್ನು ಬೈದ, ಅಣ್ಣ ನಮ್ಮಪ್ಪನನ್ನು ಬೈದರು.

ಅಪ್ಪ ಒಂದು ಸಲ ಹೋಗಿ ಸಮಾಧಾನ ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. "ಒಳ್ಳೇದು ಕಳ್ಸಿದ್ದು ತಪ್ಪಾ?" ಎಂದು ಮನೆಯಲ್ಲೇ ಹಾರಾಡಿದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ. ಕಂಪನಿಯವರು ಯಾರ ಚೀಲವಾದರೂ ಚುಚ್ಚಿ ನೋಡುತ್ತಿದ್ದರು, ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ನಮ್ಮ ಗಂಡಸರಿಗೆ ಮಾತ್ರ ಚೀಲದ ಬಾಯಿ ಬಿಚ್ಚಿದರೆ ಮಾನ ಹೋಗುತ್ತಿತ್ತು.

ಅಕ್ಕ ಆಗ ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಅಮ್ಮ ಅವಳಿಗೆಂದು ಕೋಣೆಗೆ ಸುಣ್ಣ ಹೊಡೆಸಿ ಕಾದಳು. ಬೀಗರು ಕಳಿಸಲಿಲ್ಲ. ಹೆಣ್ಣುಮಗು ಹುಟ್ಟಿದ ಸುದ್ದಿಯನ್ನು ಮಂಗಳೂರಿನಿಂದ ಬಂದ ಲಾರಿಯವನು ಹೇಳಿದ. ಅಮ್ಮ ಅವನಿಗೆ ಊಟ ಹಾಕಿ, ಒಳಗೆ ಹೋಗಿ ಅತ್ತಳು.

ಕೊನೆಗೆ ಅಪ್ಪನೇ ಸೋತು ಘಾಟಿ ಇಳಿದರು. ನಾನೂ ಜೊತೆಗಿದ್ದೆ. ಮೊಮ್ಮಗಳು ಆಗಲೇ ಮನೆತುಂಬ ಓಡಾಡುತ್ತಿದ್ದಳು. ಅಪ್ಪ ಎರಡೂ ಕೈ ಚಾಚಿದರು. ಅವಳು ಚೀರಿಕೊಂಡು ಹೋಗಿ ಬೀಗರ ಕಾಲು ತಬ್ಬಿಕೊಂಡಳು.

"ಬೇಜಾರು ಮಾಡ್ಬೇಡಿ" ಎಂದರು ಬೀಗರು, ಮೆಲ್ಲಗೆ. "ಹೊರಗಿನವ್ರನ್ನ ಕಂಡ್ರೆ ಅವ್ಳು ಹಾಗೇ."

ಅಪ್ಪ ಹೌದೆಂದು ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.