ಪ್ರೇಮಾವತಿ ಅಳಿಸದೆ ಬಿಟ್ಟ ತಪ್ಪು

ಬೆಳಿಗ್ಗೆ ಆರೂಕಾಲು. ಪೆರಾಬೆಯ ದುಗ್ಗಪ್ಪ ಅಂಗಿಯ ತೋಳು ಮಡಚಿ ಜಗಲಿಯಲ್ಲಿ ಕೂತಿದ್ದಾರೆ. ನಿನ್ನೆ ರಾತ್ರಿಯ ಊಟದ ನಂತರ ನೀರು ಬಿಟ್ಟು ಬೇರೇನೂ ಹೊಟ್ಟೆಗಿಳಿದಿಲ್ಲ. ಒಳಗಿನಿಂದ ಕಾಫಿಯ ಪರಿಮಳ ಬರುತ್ತಿದೆ. ಪ್ರೇಮಾವತಿಯ ಸ್ಕೂಟರ್ ಅಂಗಳದಲ್ಲಿ ನಿಂತದ್ದೇ ತಡ, "ಬೇಗ ರಕ್ತ ತೆಗಿ ಮಾರಾಯ್ತಿ, ಕಾಫಿ ತಣಿತದೆ" ಎನ್ನುತ್ತಾರೆ. ಪ್ರೇಮಾವತಿ ಅವಸರದವರಲ್ಲ. ಕೈ ತೊಳೆದು, ಗ್ಲೌಸ್ ಹಾಕಿ, ಮೊದಲು ಹೆಸರು ಕೇಳುತ್ತಾರೆ.

"ಎರಡು ವರ್ಷದಿಂದ ಬರ್ತಿದ್ದಿ, ಹೆಸರು ಮರೆತುಹೋಯ್ತಾ?"

"ಮರೀಲಿಲ್ಲ ದುಗ್ಗಪ್ಪಣ್ಣ. ನಿಮ್ಮ ಬಾಯಲ್ಲೇ ಬರ್ಬೇಕು, ನಿಯಮ ಉಂಟು."

ಹೆಸರು ಬಂದ ಮೇಲೆಯೇ ಸೂಜಿ. ನಂತರ ಖಾಲಿ ಮಾತ್ರೆ ಪಟ್ಟಿಗಳ ಎಣಿಕೆ, ಆಮೇಲೆ ದಿನಚರಿ ಪುಸ್ತಕ. ದುಗ್ಗಪ್ಪ ನುಂಗುತ್ತಿರುವುದು ಸಕ್ಕರೆ ಕಾಯಿಲೆಯ ಮಾತ್ರೆ. ಅದರೊಳಗೆ ಹೊಸ ಮದ್ದಿದೆಯೋ ಹಳೆಯದೋ ಅವರಿಗೂ ಗೊತ್ತಿಲ್ಲ, ಕೊಡುವ ಪ್ರೇಮಾವತಿಗೂ ಗೊತ್ತಿಲ್ಲ. ಗೊತ್ತಿರಕೂಡದು ಎಂಬುದೇ ಈ ಪರೀಕ್ಷೆಯ ಮೂಲ.

ಈಗಿನ ಮದ್ದಿನ ಉದ್ಯಮದ ರೀತಿಯೇ ಹೀಗೆ. ಕಂಡುಹಿಡಿಯುವವರು ಒಬ್ಬರು, ಪರೀಕ್ಷಿಸುವವರು ಇನ್ನೊಬ್ಬರು. ಹೊರದೇಶದ ಕಂಪನಿಯೊಂದು ಪರೀಕ್ಷೆಯ ಗುತ್ತಿಗೆಯನ್ನು ಹೈದರಾಬಾದಿನ ಸಂಶೋಧನಾ ಸಂಸ್ಥೆಗೆ ಕೊಟ್ಟಿದೆ. ಆ ಸಂಸ್ಥೆ ಪುತ್ತೂರಿನ ಒಂದು ಸಣ್ಣ ಕೇಂದ್ರಕ್ಕೆ ವಹಿಸಿದೆ. ಕೇಂದ್ರ ವಹಿಸಿದ್ದು ಪ್ರೇಮಾವತಿಗೆ. ಹವಾನಿಯಂತ್ರಿತ ಕೋಣೆಗಳಲ್ಲಿ ಓಡಾಡುವ ಆ ದೊಡ್ಡ ದೊಡ್ಡ ಕಡತಗಳೆಲ್ಲ ಕೊನೆಗೆ ನಂಬಿರುವುದು ಈ ಹಳೆಯ ಸ್ಕೂಟರನ್ನು ಎಂದರೆ ಅಲ್ಲಿನವರು ಒಪ್ಪಲಿಕ್ಕಿಲ್ಲ. ಇದನ್ನು ಬರೆಯಲೆಂದು ಬಂದ ನಾನಂತೂ ಅದರ ಹಿಂದೆ ಕೂತು ನೋಡಿದ್ದೇನೆ.

ಪ್ರೇಮಾವತಿಗೆ ನಲವತ್ತನಾಲ್ಕು. ಹುಟ್ಟೂರು ಮಂಡೆಕೋಲು. ಲ್ಯಾಬ್ ಟೆಕ್ನಿಷಿಯನ್ ಓದಿ, ಹದಿನಾಲ್ಕು ವರ್ಷ ಪುತ್ತೂರಿನ ಪ್ರಯೋಗಾಲಯದಲ್ಲಿ ದುಡಿದು, ಐದು ವರ್ಷದ ಹಿಂದೆ ಈ ಕೆಲಸಕ್ಕೆ ಬಂದರು. ಮನೆಮಾತು ಅರೆಭಾಷೆ, ರಸ್ತೆಯಲ್ಲಿ ತುಳು, ಪರೀಕ್ಷೆಗೆ ಸೇರಿದ ಕೆದಂಬಾಡಿಯ ಝುಲೈಖಾರ ಮನೆಯಲ್ಲಿ ಮುರುಕು ಬ್ಯಾರಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಈ ಮಾತ್ರೆ ನುಂಗುವ ಮೂವತ್ತೆಂಟು ಮಂದಿ ಇವರ ಪಾಲಿಗೆ. ದಿನಕ್ಕೆ ಎಪ್ಪತ್ತು ಕಿಲೋಮೀಟರ್. ತೆಗೆದ ರಕ್ತ ತಣ್ಣನೆಯ ಪೆಟ್ಟಿಗೆಯಲ್ಲಿ ಒಂಬತ್ತೂವರೆಯೊಳಗೆ ಕೇಂದ್ರ ಸೇರಬೇಕು. ಮಳೆ, ಹೊಂಡ, ಪಂಚರ್ ಯಾವುದನ್ನೂ ರಕ್ತ ಕೇಳುವುದಿಲ್ಲ.

ಮೊದಮೊದಲು ಬೈಗುಳವೂ ಸಿಕ್ಕಿದೆ. "ನಮ್ಮನ್ನು ಇಲಿ ಮಾಡ್ಲಿಕ್ಕೆ ಬಂದದ್ದಾ?" ಎಂದು ಝುಲೈಖಾ ಬಾಗಿಲಲ್ಲೇ ತಡೆದಿದ್ದರಂತೆ. "ಇಲಿಗೆ 'ಬೇಡ' ಹೇಳ್ಲಿಕ್ಕೆ ಆಗುದಿಲ್ಲ, ನಿಮಗೆ ಆಗ್ತದೆ. ಇವತ್ತೂ ಹೇಳ್ಬಹುದು, ಅರ್ಧದಲ್ಲೂ ಹೇಳ್ಬಹುದು" ಎಂದು ಪ್ರೇಮಾವತಿ ಒಪ್ಪಿಗೆ ಪತ್ರವನ್ನು ಸಾಲುಸಾಲಾಗಿ ಓದಿ ಹೇಳಿದರು. ಝುಲೈಖಾ ಎಂಟು ದಿನ ಯೋಚಿಸಿ ಸಹಿ ಹಾಕಿದರು. ಈಗ ಪ್ರೇಮಾವತಿ ಹತ್ತು ನಿಮಿಷ ತಡವಾದರೆ ಅವರದೇ ಫೋನ್ ಬರುತ್ತದೆ.

ಇಷ್ಟು ಜಾಗ್ರತೆಯ ಹೆಂಗಸು ಕಳೆದ ವರ್ಷ ಎಡವಿದರು. ಎಡವಿದ್ದು ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ವಿಷಯದಲ್ಲಿ.

ಆ ದಿನ ನಸುಕಿನಲ್ಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಕಷಾಯ ಮಾಡಿ ಖಾಲಿಹೊಟ್ಟೆಗೆ ಕುಡಿಯುವುದು ಇಲ್ಲಿನ ಪದ್ಧತಿ. ಮತ್ತೆ ಮೆಂತೆ ಗಂಜಿ. ಮಾರನೇ ವಾರ ಪ್ರೇಮಾವತಿ ಮನೆಮನೆಯಲ್ಲಿ "ಬೇರೆ ಮದ್ದು ತಗೊಂಡಿದ್ದೀರಾ?" ಎಂದು ಕೇಳಿದರು. ಎಲ್ಲರೂ ಇಲ್ಲ ಎಂದರು. ಮೂವತ್ತೆಂಟು ಪುಸ್ತಕದಲ್ಲೂ ಪ್ರೇಮಾವತಿ 'ಇಲ್ಲ' ಎಂದೇ ಬರೆದರು.

ಆ ಸಲದ ರಕ್ತದಲ್ಲಿ ಒಂಬತ್ತು ಮಂದಿಗೆ ಲಿವರಿನ ಅಂಕಿ ಏರಿತ್ತು. ಹೈದರಾಬಾದಿನಿಂದ ಪ್ರಶ್ನೆ ಬಂತು: ಇದು ನಮ್ಮ ಮಾತ್ರೆಯದೇ ಕೆಲಸವೋ? ಮತ್ತೊಮ್ಮೆ ವಿಚಾರಿಸಲು ಹೋದಾಗ ದುಗ್ಗಪ್ಪ ಕಷಾಯದ ಮಾತೆತ್ತಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಅವರಿಗೇ ಆಶ್ಚರ್ಯ.

"ಅದು ಮದ್ದಾ? ಅದು ಆಟಿ ಕಷಾಯ ಅಲ್ವಾ ಮಾರಾಯ್ತಿ! ನೀನು ಕುಡೀಲಿಲ್ವಾ?"

ಕುಡಿದಿದ್ದರು. "ಅವರಿಗೆ ಎಂತ ಹೇಳುದು? ನನಗೇ ಹೊಳೀಲಿಲ್ಲ. ಬೆಳಿಗ್ಗೆ ಒಂದು ಲೋಟ ಕುಡಿದು, ಗಂಜಿ ಉಂಡು ಕೆಲಸಕ್ಕೆ ಹೋದವಳು ನಾನು" ಎನ್ನುವಾಗ ಪ್ರೇಮಾವತಿ ನಗುವುದಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಎಲ್ಲ ತಪ್ಪೂ ಅವರ ಕೈಬರಹದಲ್ಲೇ ಇತ್ತು. ಕೆಲಸ ಹೋಗಬಹುದಿತ್ತು. ಕೇಂದ್ರವೇ ಮುಚ್ಚಿದರೆ ಇನ್ನೂ ನಾಲ್ಕು ಹೆಂಗಸರ ಸಂಬಳ ನಿಲ್ಲುತ್ತಿತ್ತು. ಆ ಸಂಜೆಯೇ ಅವರು ಕೇಂದ್ರದ ವೈದ್ಯರಿಗೆ ಹೇಳಿದರು. ಮೂರು ದಿನ ಮನೆಮನೆ ಅಲೆದು ಮತ್ತೆ ಕೇಳಿದರು. ಇಪ್ಪತ್ತಾರು ಮಂದಿ ಕುಡಿದಿದ್ದರು. ನೆರೆಮನೆಯವರು ಕೊಟ್ಟರೆಂದು ಝುಲೈಖಾರೂ ಅರ್ಧ ಲೋಟ ಕುಡಿದಿದ್ದರು.

ಹೈದರಾಬಾದಿನಿಂದ ತಪಾಸಣೆಯವರು ಬಂದರು. ಎರಡು ದಿನ ಪ್ರತಿ ಹಾಳೆಯನ್ನೂ ತಿರುವಿದರು. ಆರು ವಾರ ಹೊಸಬರನ್ನು ಸೇರಿಸುವುದಕ್ಕೆ ತಡೆ ಬಿತ್ತು. ಆ ಆರು ವಾರ ಪ್ರೇಮಾವತಿಗೆ ನಿದ್ದೆ ಬಂದದ್ದು ಅಷ್ಟಕ್ಕಷ್ಟೆ. ಕೊನೆಗೆ ಕೇಂದ್ರ ಉಳಿಯಿತು, ಕೆಲಸವೂ ಉಳಿಯಿತು. ಅಂಕಿ ಏರಿದ್ದು ಕಷಾಯದಿಂದಲೋ ಮಾತ್ರೆಯಿಂದಲೋ ಇನ್ನೂ ತೀರ್ಮಾನವಾಗಿಲ್ಲ. "ಅದು ತೀರ್ಮಾನ ಮಾಡುವವರು ಬೇರೆ ಇದ್ದಾರೆ. ಅವರ ಎದುರಿಗೆ ಸತ್ಯ ಇಡುದು ಮಾತ್ರ ನನ್ನ ಕೆಲಸ" ಎನ್ನುತ್ತಾರೆ.

ಈ ವರ್ಷದ ದಿನಚರಿ ಪುಸ್ತಕದಲ್ಲಿ ಹೊಸ ಪ್ರಶ್ನೆಯೊಂದು ಅಚ್ಚಾಗಿ ಬಂದಿದೆ: 'ಆಟಿ ಕಷಾಯ ಕುಡಿದಿರಾ? ಎಷ್ಟು?' ಹಾಲೆ ಮರ ನೋಡದವರು ಹೈದರಾಬಾದಿನಲ್ಲಿ ಕೂತು ಆಟಿಯ ತಾರೀಕು ಬರೆದಿಟ್ಟುಕೊಂಡಿದ್ದಾರೆ. ನನಗಂತೂ ಹೆಮ್ಮೆಯಾಯಿತು. ಪ್ರೇಮಾವತಿಯ ಆಸೆ ಇಷ್ಟೇ: "ಬೇರೆ ಊರಿನ ಪುಸ್ತಕದಲ್ಲೂ ಅಲ್ಲಿನವರು ಕುಡಿಯುದನ್ನು ಕೇಳ್ಬೇಕು. ಅಷ್ಟು ಸಾಕು."

ಕೇಂದ್ರದಲ್ಲಿ ಹಳೆಯ ಪುಸ್ತಕವೊಂದನ್ನು ತೆರೆದು, ರೋಗಿಯ ಹೆಸರು ನನಗೆ ಕಾಣದಂತೆ ಅಂಗೈ ಇಟ್ಟು, ಒಂದು ಸಾಲು ತೋರಿಸುತ್ತಾರೆ. ಇಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಕು ಹಾಕಬೇಕು.

"ಗೆರೆಯ ಅಡಿಯಲ್ಲಿ 'ಇಲ್ಲ' ಅಂತ ಉಂಟಲ್ಲ, ಓದ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ.

"ಆಗ್ಬೇಕು" ಎಂದು ಪ್ರೇಮಾವತಿ ಪುಸ್ತಕ ಮುಚ್ಚುತ್ತಾರೆ. "ಅದು ನನ್ನ ಅಕ್ಷರ."